ಕೀಲೆಣ್ಣೆ

ನೆನಪೈತೇನ್ರಮ್ಮ, ಶಿವರಾತ್ರಿಗೆ ಶಿಡ್ಲಘಟ್ಟ ಕಡೆಯಿಂದ ನಂದಿಗೆ, ಭೋಗನಂದೀಶ್ವರನ ತೇರಿಗೆ, ಕಮಾನು ಗಾಡಿ ಕಟ್ಕೊಂಡು ಹೋಗ್ತಿದ್ದಿದ್ದು? ಮಲಗೋದು ಗಾಡಿಯೊಳಗೆ, ಅಡುಗೆ ಅದರ ಪಕ್ಕದಲ್ಲೇ.

ಹಿಂದಿನ ದಿನ ಅಪ್ಪ ಕಡಾಣಿ ಕಿತ್ತು, ಚಕ್ರ ಸರಿಸಿ, ಹಳೇ ಜಿಡ್ಡು ಒರೆಸಿ, ಅಚ್ಚಿಗೆ ಕೀಲೆಣ್ಣೆ ಬಳಿಯೋರು. ಹುಲ್ಲು ಸುಟ್ಟ ಕರೀನ ಹರಳೆಣ್ಣೇಲಿ ಕಲಸಿ, ದಾರಿಗೆ ಅಂತ ಬಿದಿರು ಗೊಟ್ಟಕ್ಕೆ ತುಂಬಿಡೋದು ನನ್ನ ಕೆಲಸ.

ಒಂದು ವರ್ಷ ಆಟದಲ್ಲಿ ಮರೆತೆ. ಅರ್ಧ ದಾರೀಲಿ ಅಚ್ಚು ಒಣಗಿ ಚಕ್ರ ಕಿರ್ರೋ ಅಂತು. ಎತ್ತುಗಳು ನೊರೆ ಸುರಿಸ್ತಾ ನಿಂತುಬಿಟ್ವು. ಗೊಟ್ಟ ನೋಡಿದ್ರೆ ಖಾಲಿ. ಅಜ್ಜಿ ದೇವರ ದೀಪಕ್ಕೆ ತಂದಿದ್ದ ಹರಳೆಣ್ಣೇನೇ ಅಚ್ಚಿಗೆ ಹುಯ್ದು, "ಮೂಕಪ್ರಾಣಿ ನರಳ್ತಿದ್ರೆ ದೀಪ ಹಚ್ಚಿ ಏನ್ ಬಂತೇ?" ಅಂದ್ಲು. ನನ್ನನ್ನ ಬೈಲಿಲ್ಲ. ಅದೇ ಇನ್ನೂ ಚುಚ್ಚುತ್ತೆ.

ಈಗ್ಲೂ ಹೊಲಿಗೆ ಮಿಷಿನ್ನು ಸದ್ದು ಮಾಡೋಕೆ ಮುಂಚೇನೇ ಎರಡು ಹನಿ ಎಣ್ಣೆ ಬಿಡ್ತೀನಿ.