ಪರೀಕ್ಷೆಗೆ ಕುಳಿತ ಮೋಟಾರುಗಳು

ನಮ್ಮ ಮನೆಯು ಕ್ಯಾತ್ಸಂದ್ರದಲ್ಲಿ, ಬೆಂಗಳೂರಿನ ಹೆದ್ದಾರಿಗೆ ಸಮೀಪದಲ್ಲಿದೆ. ಹಗಲಿರುಳೂ ಮೋಟಾರುಗಳ ಸದ್ದನ್ನು ಕೇಳಿ ಬೆಳೆದವರಾದರೂ, ಒಂದು ಹೊಸ ಮಾದರಿಯನ್ನು ಮಾರಾಟಕ್ಕೆ ಮುನ್ನ ಹೇಗೆ ಪರೀಕ್ಷಿಸುವರೆಂದು ನಾವು ಯೋಚಿಸಿದವರಲ್ಲ. ಈಚೆಗೆ ಆ ವೃತ್ತಾಂತವನ್ನು ಓದಿದಾಗ ನಮಗೆ ನೆನಪಾದುದು ನಮ್ಮ ಶಾಲೆಯ ಪರೀಕ್ಷೆಯ ಕೊಠಡಿ.

ಎರಡು ಮಹಾಯುದ್ಧಗಳ ನಡುವಣ ಕಾಲವದು. 1936ರ ಕೊನೆಯ ತಿಂಗಳುಗಳಲ್ಲಿ ಜರ್ಮನಿ ದೇಶದಲ್ಲಿ ಫರ್ಡಿನಾಂಡ್ ಪೋರ್ಷೆಯವರ ಮೂರು ಪ್ರಾಯೋಗಿಕ ಕಾರುಗಳನ್ನು ರಸ್ತೆಗಿಳಿಸಿದರು. ಮುಂದೆ ಫೋಕ್ಸ್‌ವಾಗನ್ ಎಂದು ಹೆಸರಾದ ಗಾಡಿಯ ಆರಂಭದ ಮಾದರಿಗಳವು. ಬೆಟ್ಟದ ದಾರಿಯಲ್ಲಿಯೂ ಹೆದ್ದಾರಿಯಲ್ಲಿಯೂ ಒಂದೊಂದನ್ನೂ ಸುಮಾರು 50,000 ಕಿಲೋಮೀಟರು ಓಡಿಸಿದರು. ಕ್ಯಾತ್ಸಂದ್ರದಿಂದ ಬೆಂಗಳೂರಿಗೆ ಸುಮಾರು 380 ಸಲ ಹೋಗಿಬಂದರೆ ಆಗುವ ದೂರವನ್ನು ಹತ್ತು ವಾರಗಳಲ್ಲಿಯೇ ಮುಗಿಸಿದರು! ಯಂತ್ರದ ಕ್ರ್ಯಾಂಕ್ ಶಾಫ್ಟುಗಳು ಮುರಿದವು. ಕಂಡ ದೋಷಗಳನ್ನೆಲ್ಲ ಬರೆದಿಟ್ಟು, ಒಂದನ್ನೊಂದಕ್ಕೆ ಹೋಲಿಸಿ ನೋಡಿದರು. ದೋಷಗಳುಂಟು, ಆದರೂ ತಿದ್ದಿ ಮುಂದುವರಿಸಲು ತಕ್ಕ ಗಾಡಿಯೆಂದು ವರದಿಯಾಯಿತು. 1937ರಲ್ಲಿ 30 ಹೊಸ ಕಾರುಗಳು ಮತ್ತೆ ಪರೀಕ್ಷೆಗೆ ಹೊರಟವು. ಇದನ್ನು ಮಾಡಿಸಿದ ನಾತ್ಸಿ ಆಡಳಿತವನ್ನು ನಾವು ಹೊಗಳುತ್ತಿಲ್ಲ. ಕಾರಿಗಾಗಿ ವಾರವಾರವೂ ಹಣ ಕಟ್ಟಿದ ಜನರು ಯುದ್ಧ ಬಂದುದರಿಂದ ಬರಿಗೈಯಲ್ಲಿಯೇ ಉಳಿದರು.

ಅದೇ ಕಾಲದಲ್ಲಿ ನಮ್ಮವರೇ ಆದ ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು ಅಮೆರಿಕಗಳನ್ನು ಸುತ್ತಿ, ಮೋಟಾರು ಕೈಗಾರಿಕೆಯನ್ನು ಅಭ್ಯಸಿಸಿ, ಇಲ್ಲಿಯೂ ಕಾರ್ಖಾನೆಯಾಗಬೇಕೆಂದು ಯೋಜನೆ ಸಿದ್ಧಪಡಿಸಿದ್ದರು. 1940ರ ಸುಮಾರಿಗೆ ಮೈಸೂರು ಸರ್ಕಾರವು ಬೆಂಬಲಕ್ಕೆ ನಿಂತಿತು. ಬ್ರಿಟಿಷ್ ಇಂಡಿಯಾ ಸರ್ಕಾರದ ಸಹಕಾರ ದೊರೆಯದೆ ಅದು ಕೈಗೂಡಲಿಲ್ಲ. ಜರ್ಮನಿಯ ಕಾರು ಹತ್ತು ಸಲ ಕೆಟ್ಟು ಹತ್ತು ಸಲ ತಿದ್ದಿಸಿಕೊಂಡಿತು. ಮೈಸೂರಿನ ಕಾರಿಗೆ ಕೆಡುವ ಅವಕಾಶವೇ ಬರಲಿಲ್ಲ.

ಇಲ್ಲಿಗೆ ಬಂದಾಗ ನಮ್ಮ ತಾಯಿಯವರು ಕಣ್ಣ ಮುಂದೆ ನಿಂತರು. ಲೆಕ್ಕದಲ್ಲಿ ಅವರು ಬಹು ಚುರುಕು. ಆದರೆ ಮದುವೆ ಗೊತ್ತಾದುದರಿಂದ ಪರೀಕ್ಷೆಗೆ ಮುನ್ನವೇ ಶಾಲೆ ಬಿಡಿಸಿದರು. ಒಮ್ಮೆ ನಾವು ಗಣಿತದಲ್ಲಿ ತಪ್ಪಿ, ಕೆಂಪು ಗೆರೆಗಳು ತುಂಬಿದ ಉತ್ತರಪತ್ರಿಕೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಬಂದೆವು. ಅವರು ಅದನ್ನು ಬಿಡಿಸಿ, ಕೈಯಿಂದ ಸವರಿ, “ಕೆಂಪು ಗೆರೆ ಬಿದ್ದರೆ ಬೀಳಲಿ ಬಿಡಮ್ಮ, ತಿದ್ದುವವರಾದರೂ ನಿನಗೆ ಸಿಕ್ಕಿದರಲ್ಲ” ಎಂದರು. ಆ ಸಂಜೆಯೇ ಇಬ್ಬರೂ ದೀಪದ ಬಳಿ ಕುಳಿತು, ತಪ್ಪಿದ ಲೆಕ್ಕಗಳನ್ನೆಲ್ಲ ಮೊದಲಿನಿಂದ ಮಾಡಿದೆವು.

ಪ್ರಿಯ ಸೋದರಿಯರೇ, ಸೋಲು ದೊಡ್ಡ ನಷ್ಟವಲ್ಲ, ಪರೀಕ್ಷೆಗೆ ಕೂರದಂತೆ ತಡೆಯಲ್ಪಡುವುದೇ ದೊಡ್ಡ ನಷ್ಟ. ನಮ್ಮನ್ನು ಕೂರಿಸಿ, ತಿದ್ದಿ, ಮತ್ತೆ ಕೂರಿಸಿದ ಈ ಶಾಲೆಯನ್ನು ದೇವರು ಆಶೀರ್ವದಿಸಲಿ.