ಬರೆದದ್ದು ನಮ್ಮ ಕೈಯಲ್ಲೇ ಇರಲಿ

ನೀವೀಗ ಒಂದು ಪದವಿ ಕಾಲೇಜಿನ ಗ್ರಂಥಾಲಯದಲ್ಲಿ, ಪುಸ್ತಕ ಕೊಡುವ ಕೌಂಟರಿನ ಒಳಬದಿಯಲ್ಲಿ ಕೂತಿದ್ದೀರಿ. ಮುಂದೆ ರಟ್ಟು ಕಿತ್ತುಹೋದ ಒಂದು ನೋಟ್‌ಬುಕ್ಕು. ಗ್ರಂಥಾಲಯದ ತಂತ್ರಾಂಶ ಕೋಹಾದ ಬ್ಯಾಕಪ್ ತೆಗೆಯುವ ಕ್ರಮ, ಬಾರ್‌ಕೋಡ್ ಪ್ರಿಂಟರ್ ನಿಂತುಹೋದರೆ ಮಾಡಬೇಕಾದ್ದು, ಹಳೇ ಪ್ರಶ್ನೆಪತ್ರಿಕೆಗಳು ಯಾವ ಬೀರುವಿನಲ್ಲಿವೆ ಎಂಬುದು, ಎಲ್ಲ ಇದರಲ್ಲಿದೆ. ಬರೆದಿಟ್ಟ ಸಹಾಯಕರು ಬರುವ ತಿಂಗಳು ನಿವೃತ್ತರಾಗುತ್ತಾರೆ. ಬರೆಯದೆ ಬಿಟ್ಟದ್ದು ಅವರ ತಲೆಯಲ್ಲಿದೆ. ಅದನ್ನೆಲ್ಲ ವಿಕಿಗೆ ಇಳಿಸಬೇಕು. ಯಾವ ವಿಕಿ ಎಂಬುದಷ್ಟೇ ಬಾಕಿ.

"ಮೀಡಿಯಾವಿಕಿ ಹಾಕೋಣ ಮೇಡಂ, ಕನ್ನಡ ವಿಕಿಪೀಡಿಯ ಅದರಲ್ಲೇ ನಡೀತಿದೆ" ಎನ್ನುತ್ತಾರೆ ಕಂಪ್ಯೂಟರ್ ವಿಭಾಗದ ಮೇಷ್ಟ್ರು. ಮಾತು ಸರಿಯೇ. ವಿಕಿಪೀಡಿಯದಲ್ಲಿ ಕೈಯಾಡಿಸಿದ ವಿದ್ಯಾರ್ಥಿಗೆ ಹೊಸದಾಗಿ ಏನೂ ಕಲಿಸಬೇಕಿಲ್ಲ.

ಗ್ರಂಥಪಾಲಕಿ ಕೇಳುವುದೇ ಬೇರೆ: "ಸರ್, ಈ ಪುಟ ಸಿಬ್ಬಂದಿಗೆ ಮಾತ್ರ, ಆ ಪುಟ ಎಲ್ಲರಿಗೂ ಅಂತ ಮಾಡೋಕಾಗತ್ತಾ?"

ಮೇಷ್ಟ್ರು ತಡವರಿಸುತ್ತಾರೆ. ಎಲ್ಲರೂ ಓದಲಿ ಎಂದೇ ಕಟ್ಟಿದ ತಂತ್ರಾಂಶ ಅದು. ಪುಟಕ್ಕೊಂದು ಓದುವ ಅನುಮತಿ ಇಡುವ ಕೆಲಸಕ್ಕೆ ಅದನ್ನು ನಂಬುವಂತಿಲ್ಲ. ಮೇಲಾಗಿ ಡೇಟಾಬೇಸ್ ಬೇಕು. ಹೊಸ ಆವೃತ್ತಿಗೆ ಏರಿಸುವಾಗ ಅದನ್ನೂ ಹೊಂದಿಸಬೇಕು. ಮೇಷ್ಟ್ರಿಗೆ ವರ್ಗವಾದರೆ ಅದನ್ನೆಲ್ಲ ಮಾಡುವವರು ಯಾರು?

"ಇಂಟರ್‌ನೆಟ್ಟಲ್ಲಿ ಪುಕ್ಕಟೆ ಜಾಗ ಕೊಡ್ತಾರಲ್ಲ?" ಎನ್ನುತ್ತಾರೆ ಸಹಾಯಕರು. ಕೊಡುತ್ತಾರೆ. 2005ರಲ್ಲಿ ಶುರುವಾದ ವಿಕಿಸ್ಪೇಸಸ್ ಕೂಡ ಶಿಕ್ಷಕರಿಗೆ ಹಾಗೆ ಜಾಗ ಕೊಟ್ಟಿತ್ತು. 2018ರಲ್ಲಿ ಆ ತಾಣ ಪುಕ್ಕಟೆ ವಿಕಿಗಳನ್ನೆಲ್ಲ ಮುಚ್ಚತೊಡಗಿತು. ಸಮಯಕ್ಕೆ ಇಳಿಸಿಕೊಂಡವರ ಪಾಠಗಳಷ್ಟೇ ಉಳಿದವು. ಪುಸ್ತಕ ಕಾಯುವುದನ್ನೇ ಕಸುಬು ಮಾಡಿಕೊಂಡವರು ತಮ್ಮ ಬರಹವನ್ನು ಇನ್ನೊಬ್ಬರ ಮನೆಯಲ್ಲಿಟ್ಟು ನೆಮ್ಮದಿಯಿಂದ ಇರಲಾರರು.

ಮೇಷ್ಟ್ರು ಲ್ಯಾಪ್‌ಟಾಪನ್ನು ನಿಮ್ಮತ್ತ ತಿರುಗಿಸುತ್ತಾರೆ. ಪರದೆಯ ಮೇಲೆ ಡೋಕುವಿಕಿ. ಆಂಡ್ರಿಯಾಸ್ ಗೋರ್ 2004ರಲ್ಲಿ ಹೊರತಂದದ್ದು. ಡೇಟಾಬೇಸ್ ಇಲ್ಲ. ಒಂದೊಂದು ಪುಟವೂ ಒಂದೊಂದು ಸಾದಾ ಪಠ್ಯ ಕಡತ. ಅವರು ಫೋಲ್ಡರ್ ತೆರೆದು ಒಂದು ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೋರಿಸುತ್ತಾರೆ. ಬ್ಯಾಕಪ್ಪಿನ ಕ್ರಮ ಅಚ್ಚುಕಟ್ಟಾಗಿ ಓದಲು ಸಿಗುತ್ತದೆ, ವಿಕಿ ಓಡದಿದ್ದರೂ. ಅನುಮತಿಯ ಏರ್ಪಾಡು ಒಳಗೇ ಇದೆ: ಸಿಬ್ಬಂದಿಯ ವಿಭಾಗಕ್ಕೆ ಬೀಗ, ಓದುಗರ ವಿಭಾಗ ತೆರೆದ ಬಾಗಿಲು.

ಗ್ರಂಥಪಾಲಕಿಯ ಮುಖ ಅರಳುತ್ತದೆ. ಕೀಲಿಮಣೆ ಎಳೆದುಕೊಂಡು ಅವರೇ ಹೊಸ ಪುಟಕ್ಕೆ ಹೆಸರು ಟೈಪಿಸುತ್ತಾರೆ: ಹೊರಗಿನ ಓದುಗರಿಗೆ ಪುಸ್ತಕ ಎರವಲು ಕೊಡುವ ಕ್ರಮ.

ಪುಟ ಉಳಿಯುವುದಿಲ್ಲ.

ಎಲ್ಲರೂ ಪರದೆಗೆ ಬಾಗುತ್ತೀರಿ. ಕಾರಣ ಕನ್ನಡದ ಅಕ್ಷರಗಳಲ್ಲೇ ಇದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟು. ಗುಣಿತದ ಚಿಹ್ನೆ, ಒತ್ತಕ್ಷರಕ್ಕೆ ಬೇಕಾದ ಹಲಂತ ಚಿಹ್ನೆ ಎಲ್ಲವೂ ಬೇರೆಬೇರೆ ಲೆಕ್ಕ. ಡೋಕುವಿಕಿ ಮೊದಲಿಂದ ಬಂದ ಸೆಟ್ಟಿಂಗಿನಲ್ಲಿ ಕಡತದ ಹೆಸರು ಬರೆಯುವಾಗ ಪ್ರತಿ ಬೈಟನ್ನೂ ಶೇಕಡಾ ಗುರುತು ಹಾಕಿ ಮೂರು ಅಕ್ಷರ ಮಾಡುತ್ತದೆ. ಅಲ್ಲಿಗೆ ಒಂದು ಸಂಕೇತಕ್ಕೆ 9. ಲಿನಕ್ಸ್‌ನಲ್ಲಿ ಕಡತದ ಹೆಸರು ಸಾಮಾನ್ಯವಾಗಿ 255 ಬೈಟು ದಾಟುವಂತಿಲ್ಲ. ಮೇಡಂ ಬರೆದ ಹೆಸರಿನಲ್ಲಿ 34 ಸಂಕೇತಗಳಿವೆ, ಅಂದರೆ 306. ಇದೇ ಹೆಸರನ್ನು ಇಂಗ್ಲಿಷಿನಲ್ಲಿ ಬರೆದಿದ್ದರೆ ಇಂಥ ತೊಡಕೇ ಏಳುತ್ತಿರಲಿಲ್ಲ. ಕನ್ನಡದಲ್ಲೇ ಬರೆದು ನೋಡದೆ ತಂತ್ರಾಂಶ ಆರಿಸಬಾರದು ಎಂದು ನಾನು ಒತ್ತಾಯಿಸುವುದು ಇದಕ್ಕೇ.

"ಇಂಗ್ಲಿಷಲ್ಲೇ ಹೆಸರಿಡೋಣ್ವಾ?" ಎಂದು ಸಹಾಯಕರು ಮೆಲ್ಲಗೆ ಕೇಳುತ್ತಾರೆ.

"ಬೇಡ," ಎನ್ನುತ್ತಾರೆ ಮೇಡಂ. "ನಿಮ್ಮ ನೋಟ್‌ಬುಕ್ ಕನ್ನಡದಲ್ಲೇ ಇದೆಯಲ್ಲ."

ಮೇಷ್ಟ್ರು ಸೆಟ್ಟಿಂಗ್ ಪುಟ ತೆರೆಯುತ್ತಾರೆ. ಕಡತದ ಹೆಸರನ್ನು ಚಿಕ್ಕದಾಗಿ ಬರೆಯುವ ಇನ್ನೊಂದು ಬಗೆ ಅಲ್ಲಿದೆ, 'ಸೇಫ್' ಎಂದು. ಪುಟಗಳು ತುಂಬಿದ ಮೇಲೆ ಬದಲಿಸಿದರೆ ಹಳೆಯ ಕಡತಗಳು ವಿಕಿಯ ಕಣ್ಣಿಗೆ ಬೀಳುವುದಿಲ್ಲ, ಈಗಲೇ ಮಾಡಬೇಕು. ಅವರು ಬದಲಿಸುತ್ತಾರೆ, ಮೇಡಂ ಅದೇ ಹೆಸರನ್ನು ಮತ್ತೆ ಟೈಪಿಸುತ್ತಾರೆ, ಪುಟ ತೆರೆಯುತ್ತದೆ.

ಸಹಾಯಕರು ಕುರ್ಚಿ ಎಳೆದುಕೊಂಡು, ಕನ್ನಡಕ ಸರಿಮಾಡಿಕೊಂಡು, ನೋಟ್‌ಬುಕ್ಕಿನಲ್ಲಿ ಇಲ್ಲದ್ದನ್ನು ಹೇಳತೊಡಗುತ್ತಾರೆ. ನೀವು ಟೈಪಿಸಿಕೊಳ್ಳುತ್ತೀರಿ.