ಹೆಬ್ಬೆಟ್ಟಿಗೆ ಮುಂಚೆ

ನಾನು ನೋಟರಿ ಆಗಬೇಕೆಂದು ಓದುತ್ತಿದ್ದೇನೆ. ಭದ್ರಾವತಿಯ ನಮ್ಮ ಕೇರಿಯಲ್ಲಿ ಇದನ್ನು ಹೇಳಿದಾಗ ಪಕ್ಕದ ಮನೆಯ ದೊಡ್ಡವ್ವ ಕೇಳಿದಳು: "ಲಾಯರಾಗಿ ಏಳು ವರ್ಷ ಆತಲ್ಲವ್ವ, ಇನ್ನೂ ಓದೋದೈತಾ?"

ಐತೆ ದೊಡ್ಡವ್ವ.

ನೋಟರಿಗೆ ನಮ್ಮಲ್ಲಿ ಕೂತು ಬರೆಯುವ ಪರೀಕ್ಷೆ ಇಲ್ಲ. 1952ರ ಕಾಯ್ದೆ ಇದೆ, 1956ರ ನಿಯಮಗಳಿವೆ. ಹತ್ತು ವರ್ಷ ವಕೀಲಿಕೆ ಮಾಡಿರಬೇಕು. ಪರಿಶಿಷ್ಟರಿಗೆ, ಹಿಂದುಳಿದವರಿಗೆ, ಹೆಂಗಸರಿಗೆ ಏಳು ವರ್ಷ ಸಾಕು. ಅರ್ಜಿ ಹಾಕಿದ ಮೇಲೆ ವಿಚಾರಣೆ. ಅರ್ಜಿದಾರರಿಗೆ ವಾಣಿಜ್ಯ ಕಾನೂನು ಎಷ್ಟು ಗೊತ್ತು ಎಂದು ನೋಡಬೇಕೆಂದು ನಿಯಮವೇ ಹೇಳುತ್ತದೆ. ಅದಕ್ಕೇ ಶಿವಮೊಗ್ಗದಲ್ಲಿ ಕೋರ್ಟು ಮುಗಿಸಿ ಬರುವಾಗ ಬಸ್ಸಿನಲ್ಲಿ ನಿಂತುಕೊಂಡೇ ಓದುತ್ತೇನೆ. ರಾತ್ರಿ ಮುದ್ದೆ ತಿರುವಿಟ್ಟು ಮತ್ತೆ ಓದುತ್ತೇನೆ.

ಓದುತ್ತಾ ನಗು ಬರುತ್ತದೆ. ಕಾಯ್ದೆಯ 8ನೇ ಕಲಮಿನಲ್ಲಿ ನೋಟರಿಯ ಕೆಲಸಗಳ ಪಟ್ಟಿ ಇದೆ. ಹುಂಡಿಗೆ ಹಣ ಸಲ್ಲದಿದ್ದರೆ ಅದನ್ನು ದಾಖಲು ಮಾಡುವುದು, ಹಡಗನ್ನು ಒತ್ತೆ ಇಟ್ಟು ಸಾಲ ಎತ್ತುವ ಪತ್ರ ಬರೆಯುವುದು. ಭದ್ರಾ ಹೊಳೆಯಲ್ಲಿ ನಾನು ಕಂಡದ್ದು ತೆಪ್ಪ ಮಾತ್ರ! ನಮ್ಮ ಜನ ನೋಟರಿ ಹತ್ತಿರ ಹೋಗುವುದು ಬಾಡಿಗೆ ಕರಾರಿಗೆ, ಕಾರ್ಡಿನಲ್ಲಿ ಹೆಸರು ತಪ್ಪಾದಾಗ ಅಫಿಡವಿಟ್ಟಿಗೆ.

ನನ್ನಪ್ಪನೂ ಒಮ್ಮೆ ಹೋಗಿದ್ದ. ತಾತನಿಗೆ ಸರ್ಕಾರ ಕೊಟ್ಟ ಎರಡು ಎಕರೆ ಇತ್ತು. ಅಕ್ಕನ ಮದುವೆಗೆ ಸಾಲ ಬೇಕಿತ್ತು. ಸಾಲ ಕೊಟ್ಟ ಗೌಡ "ಸಾಲದ ಪತ್ರ ಕಣೋ, ಒತ್ತು" ಅಂದ. ಅಪ್ಪ ಹೆಬ್ಬೆಟ್ಟು ಒತ್ತಿದ. ಮೇಜಿನ ಆಚೆ ಇದ್ದ ಕರಿ ಕೋಟು ಮೊಹರು ಗುದ್ದಿತು. ಯಾರೂ ಓದಿ ಹೇಳಲಿಲ್ಲ. ಅದು ಜಮೀನಿನ ಕ್ರಯದ ಕರಾರು.

ಗೆಳೆಯರೇ, ನೋಟರಿ ಮೊಹರು ಬಿದ್ದ ಮಾತ್ರಕ್ಕೆ ಜಮೀನು ಮಾರಾಟವಾಗುವುದಿಲ್ಲ. ಅದಕ್ಕೆ ನೋಂದಣಿ ಬೇಕು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಮಾಡಿದರೆ ಅಸಿಂಧು ಎಂದು 1978ರ ಕಾಯ್ದೆ ಹೇಳುತ್ತದೆ. ಇದು ಅಪ್ಪನಿಗೆ ಗೊತ್ತಿರಲಿಲ್ಲ. ದುಂಡು ಮೊಹರು ಕಂಡು ಸರ್ಕಾರವೇ ಬರೆಸಿಕೊಂಡಿತು ಎಂದು ತಿಳಿದು ಹೊಲ ಬಿಟ್ಟು ಬಂದ. ಇಂಥ ಅರ್ಜಿಗೆ ಕಾಲಮಿತಿ ಇಲ್ಲವೆಂದು 2023ರಲ್ಲಿ ತಿದ್ದುಪಡಿ ಆದ ಮೇಲೆ ನಾವೂ ಅರ್ಜಿ ಹಾಕಿದ್ದೇವೆ. ಅಲೆಯುತ್ತಿದ್ದೇವೆ.

ಹಡಗಿನ ಕಾನೂನು ಹೇಗೋ ಬಾಯಿಪಾಠವಾಯಿತು. ನಾನು ಎಡವಿದ್ದು ಅರ್ಜಿಯ ಕೊನೆಯಲ್ಲಿ. ಅಲ್ಲಿ ಐದು ಜನ ಮೇಲುರುಜು ಹಾಕಬೇಕು: ಒಬ್ಬ ಮ್ಯಾಜಿಸ್ಟ್ರೇಟ್, ಒಬ್ಬ ರಾಷ್ಟ್ರೀಕೃತ ಬ್ಯಾಂಕಿನ ಮ್ಯಾನೇಜರ್, ಒಬ್ಬ ವರ್ತಕ, ಇಬ್ಬರು ಪ್ರಮುಖ ನಿವಾಸಿಗಳು.

ಪೇಟೆಯ ಸಾಹುಕಾರರೊಬ್ಬರ ಅಂಗಡಿಗೆ ಹೋದೆ. ಕಾಗದ ನೋಡುವ ಮೊದಲೇ "ನೀವು ಯಾವ ಪೈಕಿ?" ಅಂದರು. ಹೇಳಿದೆ. "ನಾಳೆ ಬನ್ನಿ" ಅಂದರು. ಮೂರು ನಾಳೆ ಹೋದೆ.

ನಾಲ್ಕನೇ ದಿನ ನಿಯಮ ಬಿಡಿಸಿ ಮತ್ತೆ ಓದಿದೆ. ವರ್ತಕ ಎಂದಿದೆ, ಏನು ಮಾರುವವನು ಎಂದಿಲ್ಲ. ನಮ್ಮ ಕೇರಿಯ ಚಪ್ಪಲಿ ಅಂಗಡಿಯ ಅಣ್ಣ ವರ್ತಕನೇ ತಾನೆ? ಕೈ ಒರೆಸಿಕೊಂಡು, ಎರಡು ಸಲ ಓದಿಸಿ ಕೇಳಿ, ಆಮೇಲೆ ರುಜು ಹಾಕಿದ. ಪ್ರಮುಖರು ಯಾರು ಎಂದೂ ನಿಯಮ ಬಿಡಿಸಿ ಹೇಳಿಲ್ಲ. ಕೇರಿಯಿಂದ ಮೊದಲು ಮೇಷ್ಟರಾದವರು ಒಬ್ಬರು, ಆಸ್ಪತ್ರೆಯ ನರ್ಸಕ್ಕ ಒಬ್ಬರು ರುಜು ಹಾಕಿದರು. ಕೇರಿಯ ಅರ್ಧ ಮಕ್ಕಳ ಹೆರಿಗೆ ಮಾಡಿಸಿದ ದೊಡ್ಡವ್ವನ ಹತ್ತಿರವೂ ಹಾಕಿಸುವ ಆಸೆಯಿತ್ತು. ಅವಳಿಗೆ ರುಜು ಬರುವುದಿಲ್ಲ. ಆ ಕಾಗದಕ್ಕೆ ಅವಳ ಹೆಬ್ಬೆಟ್ಟು ಸಾಲುತ್ತದೋ ಇಲ್ಲವೋ ಎಂಬ ಭಯ ನನ್ನನ್ನು ತಡೆಯಿತು. ಆ ಭಯಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಇನ್ನು ಮ್ಯಾಜಿಸ್ಟ್ರೇಟರು, ಬ್ಯಾಂಕಿನವರು ಉಳಿದಿದ್ದಾರೆ. ನಿನ್ನೆ ರಾತ್ರಿ ಅಪ್ಪ ಕೇಳಿದ: "ಆ ಮೊಹರು ನಿನ್ ಕೈಗೆ ಬಂದ್ರೆ ಏನ್ ಮಾಡ್ತೀಯವ್ವ?"

"ಮೊದ್ಲು ಓದಿ ಹೇಳ್ತೀನಪ್ಪ. ತಿಳೀತು ಅಂದ್ರೆ ಮಾತ್ರ ಒತ್ತಿಸ್ಕೊಳ್ತೀನಿ."

ಅಪ್ಪ ಮಾತಾಡಲಿಲ್ಲ. ತನ್ನ ಹೆಬ್ಬೆರಳನ್ನೇ ನೋಡಿಕೊಂಡ.

ಹಳ್ಳಿಯ ಮೇಷ್ಟರುಗಳೇ, ಓದುವ ಹುಡುಗ ಹುಡುಗಿಯರೇ, ಓದಿ ಹೇಳುವುದಕ್ಕೆ ಲೈಸೆನ್ಸು ಬೇಡ. ನಿಮ್ಮೂರಲ್ಲಿ ಯಾರಾದರೂ ಹೆಬ್ಬೆಟ್ಟು ಒತ್ತಲು ಹೊರಟರೆ ಜೊತೆಗೆ ಹೋಗಿ, ಕಾಗದ ಇಸಕೊಂಡು ಗಟ್ಟಿಯಾಗಿ ಓದಿ.